ಗೋವೆಯ ಮಳೆಯಲ್ಲಿ ನಾಲ್ಕು ರಾತ್ರಿ



ಗೋವೆ ಎಂದೊಡನೆ ನಮ್ಮಂಥವರ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಒಂದು, ಹಳೆ ಗೋವೆಯ ಬೊಮ್ ಜೆಸು ಮಹಾದೇವಾಲಯದಲ್ಲಿರುವ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರ. ಇನ್ನೊಂದು, ಕಡಲ ತೀರ. 2014ರ ಪ್ರದರ್ಶನದ ಸಮಯದಲ್ಲಿ ನಾವೂ ಧರ್ಮಕೇಂದ್ರದ ಬಸ್ಸಿನಲ್ಲಿ ಹೋಗಿ, ಸರದಿಯಲ್ಲಿ ನಿಂತು, ಸಂತರ ದರ್ಶನ ಪಡೆದು, ಸಂಜೆ ಕಡಲಿನಲ್ಲಿ ಕಾಲು ತೋಯಿಸಿಕೊಂಡು ಬಂದವರೇ. ಆದರೆ ಚರ್ಚಿನಿಂದಲೂ ಕಡಲಿನಿಂದಲೂ ದೂರ, ಸಹ್ಯಾದ್ರಿಯ ಬುಡದಲ್ಲಿ ಇನ್ನೊಂದು ಗೋವೆ ಇದೆ. ಅಲ್ಲಿ ಗದ್ದೆಗಳಿವೆ, ಹೆಂಚಿನ ಮನೆಗಳಿವೆ, ತುಂಬಿ ಹರಿಯುವ ಹೊಳೆಗಳಿವೆ. ಅದನ್ನು ನೋಡಬೇಕಾದರೆ ಮಳೆಗಾಲದಲ್ಲೇ ಹೋಗಬೇಕು. ಕಳೆದ ಮಳೆಗಾಲದಲ್ಲಿ ನಾವಿಬ್ಬರು, ಗಂಡ ಹೆಂಡತಿ, ಒಂದು ಹಳೆಯ ಕಾರು ಮತ್ತು ಒಂದು ಡೇರೆಯೊಂದಿಗೆ ಅಲ್ಲಿ ಕಳೆದ ನಾಲ್ಕು ರಾತ್ರಿಗಳ ಕಥೆ ಇದು.

ಅಟ್ಟದ ಮೇಲಿನ ಡೇರೆ

ನಮ್ಮ ಮಗ, ಸೊಸೆ ಮೆಲ್ಬರ್ನ್ ನಗರದಲ್ಲಿದ್ದಾರೆ. ಅಲ್ಲಿ ರಜೆ ಬಂದರೆ ಜನ ಡೇರೆ ಕಟ್ಟಿಕೊಂಡು ಹಳ್ಳಿಗಾಡಿಗೆ ಹೋಗುತ್ತಾರಂತೆ. ಸಣ್ಣ ಸಣ್ಣ ಊರುಗಳಲ್ಲೂ ಡೇರೆ ಹಾಕುವುದಕ್ಕೆಂದೇ ಜಾಗ ಬಿಟ್ಟಿರುತ್ತಾರೆ. ಸ್ನಾನಕ್ಕೆ ಬಿಸಿನೀರು, ಅಡುಗೆಗೆ ಒಲೆ ಎಲ್ಲವೂ ಅಲ್ಲೇ ಇರುತ್ತವೆ. ಒಮ್ಮೆ ಅವರಿಬ್ಬರೂ ಐದು ದಿನ ಮಳೆಯಲ್ಲಿ ನೆನೆಯುತ್ತಾ ಊರಿಂದ ಊರಿಗೆ ಹೋಗಿ, ಕೆಸರು ಮೆತ್ತಿದ ಫೋಟೋಗಳನ್ನು ಕಳುಹಿಸಿದ್ದರು. ಮುಂದಿನ ಬಾರಿ ಊರಿಗೆ ಬಂದಾಗ ನಮಗೂ ಒಂದು ಡೇರೆ ತಂದುಕೊಟ್ಟು, "ಅಪ್ಪಾ, ಅಮ್ಮಾ, ನೀವೂ ಒಮ್ಮೆ ಹೋಗಿ ಬನ್ನಿ" ಎಂದರು. ನಾವು ನಕ್ಕು ಅದನ್ನು ಅಟ್ಟಕ್ಕೆ ಏರಿಸಿದೆವು. ಮೂರು ವರ್ಷ ಅದು ಅಲ್ಲೇ ಮಲಗಿತ್ತು.

ಅಟ್ಟದಿಂದ ಅದು ಇಳಿದದ್ದು ಸಂತೋಷಕ್ಕೆ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮಿಬ್ಬರಿಗೂ ನಿವೃತ್ತಿಯಾಗಿದೆ. ಮಗ ಮನೆ ಮಾರಿ ತನ್ನ ಬಳಿ ಬನ್ನಿ ಎಂದು ಎರಡು ವರ್ಷಗಳಿಂದ ಕರೆಯುತ್ತಿದ್ದ. ಧಾರವಾಡದ ನಮ್ಮ ಹೆಂಚಿನ ಮನೆಗೆ ಒಬ್ಬರು ಗಿರಾಕಿಯೂ ಸಿಕ್ಕಿದ್ದರು. ಆಗಸ್ಟ್ ಮೊದಲ ವಾರ ಮುಂಗಡ ಕೊಡುವುದಾಗಿ ಮಾತಾಗಿತ್ತು. ಮನೆಯಲ್ಲಿ ಮಾತ್ರ ನಾವು ಆ ವಿಷಯ ಮಾತನಾಡುತ್ತಲೇ ಇರಲಿಲ್ಲ. "ನಿಮಗೆ ಹೇಗೆ ತೋಚುತ್ತದೋ ಹಾಗೆ" ಎಂದು ಒಬ್ಬರು, "ನಿನ್ನಿಷ್ಟ" ಎಂದು ಇನ್ನೊಬ್ಬರು. ಮೂವತ್ನಾಲ್ಕು ವರ್ಷ ಸಂಸಾರ ಮಾಡಿದವರ ನಡುವೆ ಇಂಥ ಮರ್ಯಾದೆಯ ಮಾತು ಬಂದರೆ ಅದು ಒಳ್ಳೆಯ ಲಕ್ಷಣವಲ್ಲ. ಜುಲೈ ತಿಂಗಳ ಒಂದು ಸಂಜೆ ಊಟವೂ ಮೌನವಾಗಿ ಮುಗಿದಾಗ, ನಮ್ಮಲ್ಲೊಬ್ಬರು ಎದ್ದುಹೋಗಿ ಅಟ್ಟದಿಂದ ಡೇರೆ ಇಳಿಸಿದರು. ಇನ್ನೊಬ್ಬರು ಏನೂ ಕೇಳದೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದರು.

ಕಾಳಿ ನದಿಯಾಚೆ

ಗಂಡ ಸ್ಟೇರಿಂಗ್ ಹಿಡಿಯುವುದು, ಹೆಂಡತಿ ದಾರಿ ಕೇಳುವುದು ಎಂದು ಕೆಲಸ ಹಂಚಿಕೊಂಡೆವು. ಹೆಂಡತಿಯ ತವರು ಹೊನ್ನಾವರದ ಕಡೆ. ಕೊಂಕಣಿ ಬರುವುದರಿಂದ ಗೋವೆಯಲ್ಲಿ ದಾರಿಯ ಚಿಂತೆ ಇರಲಿಲ್ಲ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗಲೇ ಮಳೆ ಶುರುವಾಯಿತು. ಅಂಕೋಲೆಯಿಂದ ಕಾರವಾರದವರೆಗೂ ಅದು ನಿಲ್ಲಲಿಲ್ಲ.

ಕಾರವಾರದ ಬಳಿ ಕಾಳಿ ನದಿ ದಾಟುವಾಗ ಮನಸ್ಸು ಅಳುಕಿತು. ಅಲ್ಲಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿದ್ದದ್ದು ನಿಮಗೆ ನೆನಪಿರಬಹುದು. ಅದರ ಮೇಲಿದ್ದ ಒಂದು ಲಾರಿ ನದಿಗೆ ಬಿದ್ದಿತು. ಚಾಲಕನನ್ನು ಸ್ಥಳೀಯ ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ನಾವು ಪಕ್ಕದ ಹೊಸ ಸೇತುವೆಯ ಮೇಲೆ, ಒಂದು 'ನಮೋ ಮರಿಯಾ' ಹೇಳಿಕೊಂಡು ದಾಟಿದೆವು. ಗೋವೆಯವರಿಗೂ ಈ ಅನುಭವ ಹೊಸದಲ್ಲ. ಪಣಜಿಯಲ್ಲಿ ಮಾಂಡವಿ ನದಿಯ ಮೊದಲ ಸೇತುವೆ 1986ರ ಜುಲೈ 5ರಂದು, ಇಂಥದೇ ಮಳೆಗಾಲದಲ್ಲಿ ಕುಸಿದಿತ್ತು.

ಮಾಜಾಳಿ ದಾಟಿ ಪೋಳೆಂ ತನಿಖಾ ಠಾಣೆ ಬಂದರೆ ಗೋವೆ. ಅಲ್ಲಿಂದ ಲೋಲಿಯೆಂ, ಕಾಣಕೋಣ. ಕೆಂಪು ಮುರಕಲ್ಲಿನ ನೆಲದ ಮೇಲೆ ಹಸಿರು ಹುಲ್ಲು, ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು, ಅವರ ಬೆನ್ನ ಮೇಲೆ ಪ್ಲಾಸ್ಟಿಕ್ ಹೊದಿಕೆ. ನಮ್ಮ ಧಾರವಾಡದಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿಗೂ ಕಡಿಮೆ. ಗೋವೆಯಲ್ಲಿ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಈ ಲೆಕ್ಕ ನಮಗೆ ಗೊತ್ತಿತ್ತು. ಡೇರೆಯೊಳಗೆ ಮಲಗಿ ಅನುಭವಿಸಿರಲಿಲ್ಲ, ಅಷ್ಟೆ.

ಗಾಲ್ಜಿಬಾಗದ ಅಜ್ಜಿ

ಮೊದಲ ರಾತ್ರಿ ಗಾಲ್ಜಿಬಾಗ. ಇದು ಕಡಲಾಮೆಗಳು ಮೊಟ್ಟೆಯಿಡಲು ಬರುವ ತೀರ. ಆಮೆಗಳು ಬರುವುದು ಮಳೆ ಮುಗಿದ ಮೇಲೆ, ಚಳಿಗಾಲದಲ್ಲಿ. ಜುಲೈಯಲ್ಲಿ ಕಡಲಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಗಾಳಿಮರಗಳ ಆಚೆ ಕಡಲಿನ ಮೊರೆತ ಮಾತ್ರ ಕೇಳುತ್ತಿತ್ತು.

ಒಂದು ತೆಂಗಿನ ತೋಟದ ಮನೆಯ ಮುಂದೆ ನಿಂತು ಡೇರೆ ಹಾಕಲು ಜಾಗ ಕೇಳಿದೆವು. ಹೊರಬಂದ ಅಜ್ಜಿಗೆ ಎಪ್ಪತ್ತೈದು ದಾಟಿರಬೇಕು. ನಮ್ಮನ್ನು, ಕಾರನ್ನು, ಆಕಾಶವನ್ನು ಒಮ್ಮೆ ನೋಡಿ, "ಹಾಕಿಕೊಳ್ಳಿ, ಆದರೆ ಬಾಗಿಲಿಗೆ ಚಿಲಕ ಹಾಕುವುದಿಲ್ಲ" ಎಂದರು. ಆ ಮಾತಿನ ಅರ್ಥ ನಮಗಾದದ್ದು ರಾತ್ರಿ ಎರಡು ಗಂಟೆಗೆ. ಡೇರೆಯ ಮೇಲಿನಿಂದ ಒಂದು ಹನಿಯೂ ಸೋರಲಿಲ್ಲ. ಮಗ ಕೊಟ್ಟ ಡೇರೆ ಅಷ್ಟು ಗಟ್ಟಿ. ಆದರೆ ನೀರು ಕೆಳಗಿನಿಂದ ಬಂತು. ತೋಟದ ಕಾಲುವೆ ಉಕ್ಕಿ ನಾವು ಮಲಗಿದ್ದ ಚಾಪೆಯೇ ತೇಲತೊಡಗಿತು. ಹಾಸಿಗೆ ಬಟ್ಟೆ ಹೊತ್ತುಕೊಂಡು ಓಡಿದರೆ, ಅಜ್ಜಿ ಲಾಟೀನು ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಗೋವೆಯ ಹಳೆಯ ಮನೆಗಳ ಮುಂದೆ 'ಬಾಲ್ಕಾಂವ್' ಎಂಬ ಜಗಲಿ ಇರುತ್ತದೆ. ಎರಡೂ ಬದಿಗೆ ಕಲ್ಲಿನ ಆಸನ, ಮೇಲೆ ಹೆಂಚಿನ ಮಾಡು. ಸಂಜೆ ಹೊತ್ತು ದಾರಿಹೋಕರೊಂದಿಗೆ ಮಾತಾಡಲೆಂದೇ ಕಟ್ಟಿದ ಜಾಗ ಅದು. ಅಲ್ಲಿ ಕುಳಿತು ಅಜ್ಜಿ ಕೊಟ್ಟ ಕಪ್ಪು ಚಹಾ ಕುಡಿದೆವು. ಬೆಳಗಾಗುತ್ತಲೇ ಸೈಕಲ್ಲಿನ ಹಾರ್ನ್ ಒತ್ತುತ್ತಾ ಬ್ರೆಡ್ ಮಾರುವ 'ಪದೇರ್' ಬಂದ. ಅಜ್ಜಿ ನಮಗೆ ಪಾವ್ ಕೊಂಡರು, ತಮಗೆ ಪೇಜ್ ಅಂದರೆ ಗಂಜಿ, ಜೊತೆಗೆ ಉಪ್ಪುನೀರಿನಲ್ಲಿ ಹಾಕಿದ ಮಾವಿನಕಾಯಿ. ಮಳೆಗೆ ಮೊದಲೇ ಒಣಮೀನು, ಕೋಕಂ, ಬೇಳೆಕಾಳು, ಮೆಣಸಿನಕಾಯಿ ಕೂಡಿಡುವುದಕ್ಕೆ ಗೋವೆಯಲ್ಲಿ 'ಪುರುಮೆಂತ್' ಎನ್ನುತ್ತಾರೆ. ಅಜ್ಜಿಯ ಅಡುಗೆಮನೆಯ ಮಾಡಿನಿಂದ ಈರುಳ್ಳಿಯ ಗೊಂಚಲುಗಳು ತೂಗುತ್ತಿದ್ದವು. ಒಬ್ಬರ ಮನೆಗೆ ಅದು ತೀರಾ ಹೆಚ್ಚು.

"ಇಷ್ಟೆಲ್ಲ ಯಾರಿಗೆ ಅಜ್ಜೀ?" ಎಂದು ಕೇಳಿದೆವು. ಮಕ್ಕಳು ಮೂವರೂ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿದ್ದಾರಂತೆ. ಗೋವೆ 1961ರ ಡಿಸೆಂಬರ್ 19ರಂದು ವಿಮೋಚನೆಯಾಯಿತಲ್ಲ, ಅದಕ್ಕೆ ಮೊದಲು ಅಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಪೋರ್ತುಗಲ್ಲಿನ ಪೌರತ್ವ ಪಡೆಯಬಹುದು. ಆ ಪಾಸ್‌ಪೋರ್ಟ್ ಹಿಡಿದು ಸಾವಿರಾರು ಗೋವೆಯವರು ಇಂಗ್ಲೆಂಡಿಗೆ ಹೋದರು. ಸ್ವಿಂಡನ್‌ನಲ್ಲಿ ಈಗ ಅವರದ್ದೇ ದೊಡ್ಡ ಸಮುದಾಯ. ಅಜ್ಜಿ ಬೀದಿಯ ಆಚೆಗಿದ್ದ ಮನೆಯನ್ನು ತೋರಿಸಿದರು. ಬೀಗ ಹಾಕಿ ಆರು ಮಳೆಗಾಲವಾಗಿತ್ತು. ಒಂದು ಹೆಂಚು ಜಾರಿದ್ದನ್ನು ಸರಿಮಾಡುವವರಿಲ್ಲದೆ ತೊಲೆ ನೆನೆದು, ಮಾಡಿನ ನಡುಭಾಗ ಕುಸಿದಿತ್ತು. ಒಳಗಿನಿಂದ ಒಂದು ಅತ್ತಿಗಿಡ ತಲೆ ಹೊರಹಾಕಿತ್ತು.

"ಬೇಸಿಗೆಯಲ್ಲಿ ಮನೆ ತಾನೇ ನಿಂತಿರುತ್ತದೆ ಮಗಳೇ. ಮಳೆಗಾಲಕ್ಕೆ ಒಳಗೆ ಮನುಷ್ಯರು ಬೇಕು" ಎಂದರು ಅಜ್ಜಿ. ಸ್ಟೇರಿಂಗ್ ಹಿಡಿದವರು ಆ ಕುಸಿದ ಮಾಡನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಹೊರಡುವಾಗ ಧಾರವಾಡದ ಪೇಢೆಯ ಪೊಟ್ಟಣ ಕೊಟ್ಟರೆ ಅಜ್ಜಿ ನಮಗೆ ಎರಡು ತೆಂಗಿನಕಾಯಿ ಕೊಟ್ಟರು.

ಕುಶಾವತಿಯ ದಂಡೆಯಲ್ಲಿ

ಮರುದಿನ ಕರ್ಮಲ್ ಘಾಟಿ ಹತ್ತಿ ಇಳಿದು, ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಕೇಪೆ ಪಟ್ಟಣಕ್ಕೆ ಬಂದೆವು. ಈ ಊರನ್ನು ಬೆಳೆಸಿದವರು ಜೋಸೆ ಪಾವ್ಲು ಎಂಬ ಪೋರ್ತುಗೀಸ್ ಧರ್ಮಗುರು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅವರು ಕಟ್ಟಿಸಿದ ಮನೆ, ಚರ್ಚಿನ ಎದುರಿಗೆ ಕುಶಾವತಿ ನದಿಯ ದಂಡೆಯಲ್ಲಿ ಇಂದಿಗೂ ಇದೆ. ಜೀರ್ಣವಾಗಿದ್ದ ಅದನ್ನು ಒಂದು ದಂಪತಿ ವರ್ಷಗಟ್ಟಲೆ ದುಡಿದು ಮತ್ತೆ ನಿಲ್ಲಿಸಿದ್ದಾರೆ.

ಅಲ್ಲಿಂದ ರಿವಣ ದಾಟಿ ಉಸಗಾಳಿಮಳಕ್ಕೆ ಹೋದೆವು. ಅದೇ ಕುಶಾವತಿಯ ದಂಡೆಯ ಮುರಕಲ್ಲಿನ ಹಾಸಿನ ಮೇಲೆ ನೂರಕ್ಕೂ ಹೆಚ್ಚು ಚಿತ್ರಗಳನ್ನು ಕೊರೆದಿದ್ದಾರೆ. ಗೂಳಿಗಳು, ಜಿಂಕೆಗಳು, ಮನುಷ್ಯರು, ಒಂದರೊಳಗೊಂದು ಸುತ್ತುವ ಚಕ್ರವ್ಯೂಹ. ಸಾವಿರಾರು ವರ್ಷಗಳ ಹಿಂದಿನವು. ಹಳ್ಳಿಯವರಿಗೆ ಗೊತ್ತಿದ್ದ ಇವು ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1993ರಲ್ಲಿ. ನಾವು ಹೋದಾಗ ನದಿ ಉಕ್ಕಿ ಕಲ್ಲಿನ ಅಂಚಿಗೆ ಬಂದಿತ್ತು, ಮೇಲಿನ ಭಾಗ ಮಾತ್ರ ಕಾಣುತ್ತಿತ್ತು. ಕೊರೆದ ಗೆರೆಗಳಲ್ಲಿ ಮಳೆನೀರು ತುಂಬಿ ಗೂಳಿಯೊಂದು ಹೊಳೆಯುತ್ತಿತ್ತು. ಮಳೆಯಿಂದಾಗಿ ಅರ್ಧ ಚಿತ್ರಗಳು ಕಾಣದೆ ಹೋದರೂ, ಕಂಡ ಅರ್ಧ ಎದ್ದು ಕಂಡವು.

ಮರಳುವಾಗ ನಮ್ಮ ಗ್ರಹಚಾರ ಕೆಟ್ಟಿತು. ಬೆಳಿಗ್ಗೆ ದಾಟಿದ್ದ ಒಂದು ಸಣ್ಣ ಮೋರಿಯ ಮೇಲೆ ಈಗ ಮೊಣಕಾಲೆತ್ತರ ನೀರು. "ಬೇಡ, ನಿಲ್ಲೋಣ" ಎಂದು ಒಬ್ಬರು, "ಇಷ್ಟೇ ತಾನೇ" ಎಂದು ಇನ್ನೊಬ್ಬರು. ಕಾರು ನಡುನೀರಿನಲ್ಲಿ ಗಕ್ಕನೆ ನಿಂತಿತು. ಅದುವರೆಗೆ ತಡೆದಿದ್ದ ಮಾತೆಲ್ಲ ಆಗ ಹೊರಬಂತು. ಮೋರಿಯ ಮಾತು ಎರಡೇ ನಿಮಿಷ ನಡೆಯಿತು. ಮೂರನೇ ನಿಮಿಷಕ್ಕೆ ಮನೆಯ ಮಾತು ಬಂತು. "ಮೊಮ್ಮಗಳನ್ನು ನಾನು ಎತ್ತಿಕೊಂಡದ್ದು ಒಟ್ಟು ಇಪ್ಪತ್ತು ದಿನ" ಎಂದು ಒಬ್ಬರು ಅತ್ತರು. "ಆ ಮನೆ ನನ್ನ ತಂದೆ ಕಟ್ಟಿದ್ದು ಎಂದು ಒಂದು ದಿನವಾದರೂ ನನ್ನನ್ನು ಕೇಳಿದೆಯಾ?" ಎಂದು ಇನ್ನೊಬ್ಬರು ಕೂಗಿದರು. ಕಾರಿನೊಳಗೆ ನೀರು ಬರುತ್ತಿದ್ದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಆಗ ಹೊರಗಿನಿಂದ ಒಂದು ದನಿ: "ಏನ್ರೀ ಅಣ್ಣಾರ, ಗಾಡಿ ನಿಂತೈತೇನ್ರಿ? ನೀವು ಒಳಗ ಕುಂದರ್ರಿ, ನಾವು ದಬ್ಬತೀವಿ!"

ಗೋವೆಯ ಒಳನಾಡಿನಲ್ಲಿ, ಸುರಿಯುವ ಮಳೆಯಲ್ಲಿ, ನಮ್ಮ ಸೀಮೆಯ ಅಚ್ಚ ಕನ್ನಡ! ನಾಲ್ವರು ಗಂಡಸರು, ಒಬ್ಬ ಹೆಣ್ಣುಮಗಳು ಕಾರನ್ನು ನೀರಿನಿಂದ ಮೇಲಕ್ಕೆ ತಳ್ಳಿದರು. ಗದಗ ಜಿಲ್ಲೆಯ ರೋಣದ ಕಡೆಯವರು, ಕಟ್ಟಡ ಕೆಲಸಕ್ಕೆ ಬಂದವರು. ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಹೀಗೆ ಗೋವೆಗೆ ದುಡಿಯಲು ಬಂದವರು ಬಹಳ ಜನ. ಕಾರಿನ ಇಂಜಿನ್ನಿಗೆ ನೀರು ಹೋಗಿದ್ದರಿಂದ ಆ ರಾತ್ರಿ ಅವರ ತಗಡಿನ ಮನೆಗಳ ಪಕ್ಕದ ಸಿಮೆಂಟ್ ಶೆಡ್ಡಿನಲ್ಲೇ ಡೇರೆ ಬಿಡಿಸಿದೆವು. ಆ ತಾಯಿ ಬಿಸಿ ರೊಟ್ಟಿ ಬಡಿದು ಕೊಟ್ಟರು. ನಮ್ಮ ಕಟಕ ರೊಟ್ಟಿಯನ್ನು ಅವರ ಮಕ್ಕಳು ತಿಂದರು.

ಅವರು ಮೊದಲು ಕೇಳಿದ್ದು, "ನಮ್ಮ ಕಡೆ ಮಳೆ ಆಗೈತೇನ್ರಿ?" ಎಂದು. ಇಲ್ಲಿ ಮಳೆ ಹೆಚ್ಚಾಗಿ ವಾರಗಟ್ಟಲೆ ಕೆಲಸವಿಲ್ಲ, ಕೂಲಿಯಿಲ್ಲ. ಅಲ್ಲಿ ಮಳೆ ಕಡಿಮೆಯಾಗಿ ಬೆಳೆಯಿಲ್ಲ. "ಊರಾಗ ಮನಿ ಐತ್ರಿ ಅಕ್ಕಾರ, ಬೀಗ ಹಾಕೇವಿ. ದೀಪಾವಳಿಗೆ ಹೋಗಿ ತೆಗೀತೀವಿ" ಎಂದರು ಆ ತಾಯಿ. ಸೊಂಟದ ಬಳಿ ಸೀರೆಯ ಸೆರಗಿಗೆ ಕಟ್ಟಿದ್ದ ಬೀಗದಕೈಯನ್ನು ಮುಟ್ಟಿ ತೋರಿಸಿದರು. ಹೊಟ್ಟೆಪಾಡಿಗೆ ಮನೆ ಬಿಟ್ಟು ಬಂದವರು ಅವರು. ನಮಗೆ ಅಂಥ ಅನಿವಾರ್ಯವೇನೂ ಇರಲಿಲ್ಲ. ಆ ರಾತ್ರಿ ನಾವಿಬ್ಬರೂ ಜಗಳದ ಮಾತನ್ನು ಮತ್ತೆ ಎತ್ತಲಿಲ್ಲ.

ನೀರಿನಡಿಯ ಊರು

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ಕಾರನ್ನು ಒಣಗಿಸಿ ಕೊಟ್ಟ. ಸಾಂಗೆ ಪಟ್ಟಣ ದಾಟಿ ಸಾಳಾವಲಿ ಅಣೆಕಟ್ಟಿಗೆ ಹೋದೆವು. ಮಳೆಗಾಲದಲ್ಲಿ ಗೋವೆಗೆ ಹೋದವರು ನೋಡಲೇಬೇಕಾದ ಜಾಗವಿದು. ಜಲಾಶಯ ತುಂಬಿದಾಗ ನೀರು ಇಲ್ಲಿ ಬಾಗಿಲುಗಳಿಂದ ಧುಮುಕುವುದಿಲ್ಲ. ಬಾವಿಯಂಥ ಒಂದು ದೊಡ್ಡ ದುಂಡನೆಯ ಬಾಯಿಯ ಸುತ್ತಲಿಂದಲೂ ಒಳಕ್ಕೆ ಸುರಿದು, ಅಡಿಯ ಸುರಂಗದಿಂದ ಹೊರಬರುತ್ತದೆ. ಅಣೆಕಟ್ಟಿನ ಎತ್ತರ ಸುಮಾರು 43 ಮೀಟರ್, ಉದ್ದ ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ದಕ್ಷಿಣ ಗೋವೆಯ ಬಹುಪಾಲು ಜನ ಕುಡಿಯುವುದು ಈ ನೀರನ್ನೇ.

ಆದರೆ ಈ ನೀರಿನಡಿಯಲ್ಲಿ ಊರುಗಳಿವೆ. ಅವುಗಳಲ್ಲಿ ಹೆಸರಾದದ್ದು ಕುರ್ಡಿ. ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಕೂಡಿ ಬಾಳಿದ ಊರು. ಗೋವೆಯ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರೇ ಬಂದು ಇಡೀ ನಾಡಿನ ಒಳಿತಿಗಾಗಿ ಊರು ಬಿಟ್ಟುಕೊಡಿ ಎಂದು ಕೇಳಿಕೊಂಡಿದ್ದರು. 1980ರ ದಶಕದಲ್ಲಿ ಜನರನ್ನು ವಾಡೆಂ ಮತ್ತು ವಾಲ್ಕಿಣಿ ಎಂಬಲ್ಲಿಗೆ ಸಾಗಿಸಿದರು. ಅಲ್ಲಿನ ಪುರಾತನ ಮಹಾದೇವ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಅಣೆಕಟ್ಟಿನ ಬಳಿ ಮತ್ತೆ ಜೋಡಿಸಿದ್ದಾರೆ. ಹೆಸರಾಂತ ಗಾಯಕಿ ಮೋಗೂಬಾಯಿ ಕುರ್ಡೀಕರರು 1904ರಲ್ಲಿ ಹುಟ್ಟಿದ್ದು ಈ ಕುರ್ಡಿಯಲ್ಲೇ. ಅವರ ಮಗಳು ಕಿಶೋರಿ ಅಮೋಣಕರ್. ಅವರ ಜೈಪುರ ಅತ್ರೌಲಿ ಘರಾಣೆಯೇ ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರದ್ದೂ ಆದ್ದರಿಂದ, ನಮಗೆ ಆ ಊರು ಯಾಕೋ ಪರಕೀಯ ಎನಿಸಲಿಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ, ಮುಖ್ಯವಾಗಿ ಮೇ ತಿಂಗಳಲ್ಲಿ, ಕುರ್ಡಿ ಕೆಲವು ವಾರ ಮೇಲಕ್ಕೆ ಬರುತ್ತದೆ. ಆಗ ಹಳೆಯ ನಿವಾಸಿಗಳು ಮಕ್ಕಳು ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಕ್ರೈಸ್ತರು ತಮ್ಮ ಪುಟ್ಟ ಪ್ರಾರ್ಥನಾಲಯದ ಹಬ್ಬವನ್ನೂ, ಹಿಂದೂಗಳು ಸೋಮೇಶ್ವರನ ಉತ್ಸವವನ್ನೂ ಮಾಡುತ್ತಾರೆ. ಮಳೆ ಬಂದೊಡನೆ ಊರು ಮತ್ತೆ ಮುಳುಗುತ್ತದೆ. ನಾವು ಕಂಡದ್ದು ಬರೀ ನೀರು.

ಅಲ್ಲಿ ಕೊಡೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ಆ ಊರಿನವರೇ. ಮೇ ತಿಂಗಳಲ್ಲಿ ತಮ್ಮ ಮನೆಯ ಅಡಿಪಾಯದ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರಂತೆ. "ಬಾವಿ ಎಲ್ಲಿತ್ತು, ದನದ ಕೊಟ್ಟಿಗೆ ಎಲ್ಲಿತ್ತು ಎಂದು ಮಕ್ಕಳಿಗೆ ತೋರಿಸುತ್ತೇನೆ. ಅವರಿಗೆ ಅಷ್ಟೇನೂ ಆಸಕ್ತಿಯಿಲ್ಲ. ಮಡಗಾಂವಿನಲ್ಲಿ ಕೆಲಸದಲ್ಲಿದ್ದಾರೆ, ಸುಖವಾಗಿದ್ದಾರೆ, ಅದೇ ಸರಿ" ಎಂದರು. ನಾವೂ ನಮ್ಮ ಮನೆ ಮಾರುವ ವಿಷಯ ಹೇಳಿದೆವು. ಯಾಕೆ ಹೇಳಿದೆವೋ ಗೊತ್ತಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಿಮ್ಮೂರಿಗೆ ನೀರು ಬರುತ್ತದಾ?"

"ಇಲ್ಲ."

"ಮತ್ತೆ ಅವಸರ ಯಾಕೆ?"

ಚರ್ಚಿನ ಮೊಗಸಾಲೆಯಲ್ಲಿ

ಆ ಸಂಜೆ ಹತ್ತಿರದ ಒಂದು ಹಳ್ಳಿಯ ಚರ್ಚಿಗೆ ಹೋಗಿ ವಿಗಾರ ಗುರುಗಳಲ್ಲಿ ತಂಗಲು ಜಾಗ ಕೇಳಿದೆವು. ನಮ್ಮ ಒದ್ದೆ ಡೇರೆಯನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಚರ್ಚಿನ ಮುಂದಿನ ಮೊಗಸಾಲೆಯಲ್ಲಿ ಮಲಗಲು ಒಪ್ಪಿಗೆ ಕೊಟ್ಟು, ಬಿಸಿ ಸೂಪು ಕಳುಹಿಸಿದರು. ಬೆಳಗಾವಿ ಧರ್ಮಕ್ಷೇತ್ರದವರು ಎಂದು ಕೇಳಿ, "ಹಾಗಾದರೆ ನೀವು ಒಂದು ಕಾಲದಲ್ಲಿ ನಮ್ಮವರೇ" ಎಂದರು. ನಿಜ. 1953ರಲ್ಲಿ ಬೆಳಗಾವಿ ಧರ್ಮಕ್ಷೇತ್ರ ಸ್ಥಾಪನೆಯಾಗುವವರೆಗೆ ಆ ಭಾಗದ ಹಲವು ಪ್ರದೇಶಗಳು ಗೋವೆಯ ಮಹಾಧರ್ಮಕ್ಷೇತ್ರಕ್ಕೆ ಸೇರಿದ್ದವು. ಬೆಳಗಾವಿಯಿಂದ ಕಾರವಾರ ಬೇರೆಯಾದದ್ದು 1976ರಲ್ಲಿ.

ಮೊಗಸಾಲೆಯ ಗೋಡೆಯ ಮೇಲೆ ಸಂತ ಜೋಸೆಫ್ ವಾಸರ ಚಿತ್ರವಿತ್ತು. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಈ ಗುರುಗಳು 1681ರಲ್ಲಿ ನಮ್ಮ ಕೆನರಾ ಸೀಮೆಗೆ ಬಂದು, ಮಂಗಳೂರು, ಕುಂದಾಪುರ, ಗಂಗೊಳ್ಳಿಗಳ ಕಡೆ ಊರೂರು ತಿರುಗಿ ಸೇವೆ ಮಾಡಿದರು. ಅನಂತರ ಸಿಂಹಳಕ್ಕೆ ಹೋಗಿ ಅಲ್ಲೇ 1711ರಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಅವರನ್ನು ಸಂತ ಪದವಿಗೆ ಏರಿಸಿದರು. ಕ್ಯಾಂಡಿಯಲ್ಲಿ ಬರಗಾಲ ಬಂದಾಗ ಅವರು ಪ್ರಾರ್ಥಿಸಲು ಧಾರಾಕಾರ ಮಳೆ ಸುರಿಯಿತೆಂದೂ, ಅವರು ಮತ್ತು ಅವರ ಪೀಠ ಮಾತ್ರ ನೆನೆಯಲಿಲ್ಲವೆಂದೂ ಪ್ರತೀತಿ. ಮೂರು ದಿನ ನೆನೆದಿದ್ದ ನಮಗೆ ಅದನ್ನು ನೆನೆದು ನಗು ಬಂತು. ನಕ್ಕ ಮೇಲೆ ಮಾತು ಸುಲಭವಾಯಿತು.

ಆ ರಾತ್ರಿ ಮಳೆಯ ಸದ್ದಿನಲ್ಲಿ, ಮೊದಲ ಬಾರಿಗೆ, ಜಗಳವಿಲ್ಲದೆ ಮಾತಾಡಿದೆವು. ಒಬ್ಬರಿಗೆ ಮೊಮ್ಮಗಳ ಹಂಬಲ, ಇನ್ನೊಬ್ಬರಿಗೆ ಮನೆಯ ಹಂಬಲ. ಎರಡೂ ಸುಳ್ಳಲ್ಲ. ಇನ್ನೊಬ್ಬರಿಗೆ ನೋವಾಗಬಾರದೆಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೇ ತಪ್ಪಾಗಿತ್ತು. ಬೆಳಗಿನ ಪೂಜೆಯ ಗಂಟೆ ಬಾರಿಸುವ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದೆವು.

ಡೇರೆ ನಿಂತ ರಾತ್ರಿ

ಕೊನೆಯ ದಿನ ಸಾವರ್ಡೆ, ಕುಳೆ ಮಾರ್ಗವಾಗಿ ಮೊಲೆಗೆ ಬಂದೆವು. ಇದು ಕಬ್ಬಿಣದ ಅದಿರಿನ ಸೀಮೆ. 2018ರಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳನ್ನು ರದ್ದುಪಡಿಸಿದ ಮೇಲೆ ಕೆಲಸ ಕಳೆದುಕೊಂಡ ಲಾರಿಗಳು ಕೆಲವು ಮನೆಗಳ ಹಿತ್ತಲಲ್ಲಿ ಇನ್ನೂ ತುಕ್ಕು ಹಿಡಿಯುತ್ತಿದ್ದವು. ಕುಳೆಯಿಂದ ದೂಧಸಾಗರ ಜಲಪಾತಕ್ಕೆ ಹೋಗುವ ಜೀಪುಗಳು ಮಳೆಗಾಲದಲ್ಲಿ ನಿಂತಿರುತ್ತವೆ. ನಾವು ತಾಂಬಡಿ ಸುರ್ಲಾದ ಮಹಾದೇವ ದೇವಾಲಯಕ್ಕೆ ಹೋದೆವು. ಕಾಡಿನ ನಡುವೆ, ಹೊಳೆಯ ಪಕ್ಕ, ಕರಿಕಲ್ಲಿನಲ್ಲಿ ಕಟ್ಟಿದ ಪುಟ್ಟ ಗುಡಿ ಅದು. ಕದಂಬರ ಕಾಲದ್ದು, ಗೋವೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ದೇವಾಲಯಗಳಲ್ಲಿ ಒಂದು. ಗೋವೆಯ ಕದಂಬರು ಚಾಂದೋರಿನಿಂದಲೂ ನಮ್ಮ ಖಾನಾಪುರ ಬಳಿಯ ಹಲಸಿಯಿಂದಲೂ ಆಳಿದವರು. ಗೋವೆಯ ಸರ್ಕಾರಿ ಬಸ್ಸುಗಳ ಮೇಲೆ ಇಂದಿಗೂ 'ಕದಂಬ' ಎಂದೇ ಬರೆದಿರುತ್ತದೆ. ಅಷ್ಟು ಶತಮಾನಗಳ ಮಳೆ ಸುರಿದರೂ ಆ ಕಲ್ಲಿನ ಮಾಡು ಬಿದ್ದಿಲ್ಲ.

ಆ ರಾತ್ರಿ ಕಾಡಿನ ಹೊರಗೆ, ಮೊಲೆಯ ಒಂದು ಸಣ್ಣ ಖಾನಾವಳಿಯ ಹಿತ್ತಲಲ್ಲಿ, ಎತ್ತರದ ಜಾಗ ನೋಡಿ, ಸುತ್ತ ಕಾಲುವೆ ತೋಡಿ, ಕೆಳಗೆ ತಾಡಪತ್ರಿ ಹಾಸಿ ಡೇರೆ ಹಾಕಿದೆವು. ಮಳೆ ರಾತ್ರಿಯಿಡೀ ಸುರಿಯಿತು. ಡೇರೆ ನಿಂತಿತು, ನೀರು ಬರಲಿಲ್ಲ. ಬೆಳಿಗ್ಗೆ ಮಗನಿಗೆ ಫೋಟೋ ಕಳುಹಿಸಿ, ಅಲ್ಲೇ ನಿಂತು ನಮ್ಮ ತೀರ್ಮಾನವನ್ನೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಡೇರೆ ಕೊಟ್ಟದ್ದು ನನ್ನದೇ ತಪ್ಪು" ಎಂದು ನಕ್ಕ. ಅವನ ದನಿಯಲ್ಲಿ ಬೇಸರವೂ ಇತ್ತು. ಅನಮೋಡ ಘಟ್ಟ ಹತ್ತಿ, ಲೋಂಡಾ, ಅಳ್ನಾವರ ದಾಟಿ ಸಂಜೆಗೆ ಮನೆ ಸೇರಿದೆವು.

ಹೋಗುವವರಿಗೆ ಎರಡು ಮಾತು

ಮಳೆಗಾಲದಲ್ಲಿ ಹೋಗುವುದಾದರೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಭಾರಿ ಮಳೆಗೆ ಅದು ಕುಸಿಯುವುದುಂಟು. ಮೋರಿಯ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ, ಪಕ್ಕದಲ್ಲಿ ಕುಳಿತವರ ಮಾತು ಕೇಳಿ. ಕಡಲಿಗೆ, ಹೊಳೆಗೆ ಇಳಿಯಬೇಡಿ. ಡೇರೆಯನ್ನು ತಗ್ಗಿನಲ್ಲಿ, ತೆಂಗಿನ ಮರದ ಕೆಳಗೆ ಹಾಕಬೇಡಿ. ಯಾರ ಜಾಗವಾದರೂ ಒಪ್ಪಿಗೆ ಕೇಳಿಯೇ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ ಬೇರೆ ಇಟ್ಟುಕೊಳ್ಳಿ.

ನಮ್ಮ ವಿಷಯ ಹೇಳಿ ಮುಗಿಸುತ್ತೇವೆ. ಗಿರಾಕಿಗೆ ಕ್ಷಮೆ ಕೇಳಿ, ಮನೆ ಮಾರುವುದಿಲ್ಲ ಎಂದೆವು. ಕ್ರಿಸ್ಮಸ್ಸಿಗೆ ಮಗನ ಬಳಿ ಹೋಗುವುದು, ಮೂರು ನಾಲ್ಕು ತಿಂಗಳು ಮೊಮ್ಮಗಳೊಂದಿಗೆ ಇರುವುದು, ಮಳೆಗೆ ಮೊದಲು ಮರಳಿ ಬಂದು ಹೆಂಚು ಕೈಯಾಡಿಸುವುದು ಎಂದು ಮಾಡಿಕೊಂಡಿದ್ದೇವೆ. ಕೈಕಾಲು ಗಟ್ಟಿಯಿರುವವರೆಗೆ ಇದು ನಡೆಯುತ್ತದೆ. ಆಮೇಲಿನದ್ದು ದೇವರಿಗೆ ಬಿಟ್ಟದ್ದು. ಗಾಲ್ಜಿಬಾಗದ ಅಜ್ಜಿಗೆ ಹಬ್ಬಕ್ಕೆ ಒಂದು ಪೊಟ್ಟಣ ಪೇಢೆ ಕಳುಹಿಸಿದೆವು. ಡೇರೆಯನ್ನು ಒಣಗಿಸಿ ಮಡಚಿಟ್ಟಿದ್ದೇವೆ. ಈ ಬಾರಿ ಅಟ್ಟದ ಮೇಲಲ್ಲ, ಬಾಗಿಲ ಪಕ್ಕದಲ್ಲಿ.